ಅಂತೆ ಕಂತೆಗಳ ಸಂತೆಯಲ್ಲಿ ಹಳೆಯ ಆರ್‌ಪಿಜಿಗಳು

ರಾತ್ರಿ ಹನ್ನೊಂದೂವರೆಗೆ ಜಯನಗರದ ಗೆಳೆಯನಿಂದ ವಾಟ್ಸ್‌ಆ್ಯಪ್ ಸಂದೇಶ: 'ಲೆಜೆಂಡ್ ಆಫ್ ಡ್ರಗೂನ್ ರಿಮೇಕ್ ಬರ್ತಿದೆಯಂತೆ.' ಲೆಜೆಂಡ್ ಆಫ್ ಡ್ರಗೂನ್ ನಾವು ಹುಡುಗರಾಗಿದ್ದಾಗ ಆಡಿದ ಒಂದು ವಿಡಿಯೋ ಗೇಮ್. ಹತ್ತು ವರ್ಷದಲ್ಲಿ ಇದೇ ಮನುಷ್ಯ ಇದೇ ಸುದ್ದಿಯನ್ನು ಐದಾರು ಸಲವಾದರೂ ಕಳಿಸಿದ್ದಾನೆ. ಪ್ರತಿ ಸಲವೂ ಅದರಲ್ಲಿ ನಿಜವಾಗಿದ್ದದ್ದು ಕೊನೆಯ 'ಅಂತೆ' ಮಾತ್ರ.

ಕನ್ನಡದಲ್ಲಿ ಇದೊಂದು ಅನುಕೂಲ. 'ಬರ್ತಿದೆ' ಎಂದರೆ ಹೇಳಿದವನು ಹೊಣೆ. 'ಬರ್ತಿದೆಯಂತೆ' ಎಂದರೆ ಯಾರೂ ಹೊಣೆಯಲ್ಲ. ಹಳೆಯ ರೋಲ್-ಪ್ಲೇಯಿಂಗ್ ಗೇಮ್‌ಗಳು, ಅಂದರೆ ನಾವು ಆರ್‌ಪಿಜಿ ಎನ್ನುವ ನಲವತ್ತು-ಐವತ್ತು ಗಂಟೆಯ ಕಥೆಯಾಟಗಳು, ಹೊಸ ಬಟ್ಟೆ ತೊಟ್ಟು ಮರಳಿ ಬರುತ್ತವೆ ಎಂಬ ಸುದ್ದಿಗಳ ಬಹುಪಾಲು ಈ ಎರಡಕ್ಷರದ ಮೇಲೆಯೇ ನಿಂತಿದೆ. ಆದರೂ ಎಲ್ಲ ಅಂತೆಗಳ ತೂಕ ಒಂದೇ ಅಲ್ಲ. ಕೆಲವು ಅಕ್ಷರಶಃ ನಿಜವಾಗಿವೆ. ಯಾವುದನ್ನು ನಂಬಬೇಕು, ಯಾವುದನ್ನು ಓದಿ ಮಗುಚಿ ಮಲಗಬೇಕು ಎಂದು ತಿಳಿಯಲು ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಆ ಆಟದ ಮೂಲ ಸಾಮಗ್ರಿ ಇಟ್ಟ ಬೀರು ಈಗ ಯಾರ ಮನೆಯಲ್ಲಿದೆ, ತೆಗೆದರೆ ಒಳಗೆ ಏನು ಸಿಗುತ್ತದೆ?

ಮೊದಲು ನಿಜವಾದ ಒಂದು ಅಂತೆಯನ್ನು ನೋಡೋಣ. 2021ರ ಸೆಪ್ಟೆಂಬರ್‌ನಲ್ಲಿ ಎನ್ವಿಡಿಯಾ ಕಂಪನಿಯ, ಇಂಟರ್‌ನೆಟ್ ಮೂಲಕ ಆಟ ಆಡಿಸುವ 'ಜಿಫೋರ್ಸ್ ನೌ' ಸೇವೆಯ ಒಳಪಟ್ಟಿಯೊಂದು ಹೊರಬಿತ್ತು. ಸಾವಿರಾರು ಹೆಸರುಗಳ ನಡುವೆ ಅಲ್ಲಿಯವರೆಗೆ ಯಾರೂ ಪ್ರಕಟಿಸದ ಆಟಗಳಿದ್ದವು: ಕ್ರೋನೋ ಕ್ರಾಸ್ ರಿಮಾಸ್ಟರ್, ಟ್ಯಾಕ್ಟಿಕ್ಸ್ ಓಗರ್, ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್, ಫೈನಲ್ ಫ್ಯಾಂಟಸಿ 9ರ ರಿಮೇಕ್. ಇದು ಒಳಗಿನ ಪರೀಕ್ಷೆಗೆ ಮಾಡಿಕೊಂಡ ಪಟ್ಟಿ, ಊಹೆಯ ಹೆಸರುಗಳೂ ಇದರಲ್ಲಿವೆ ಎಂದು ಕಂಪನಿ ಹೇಳಿತು. ಜನ ನಕ್ಕರು. 2022ರ ಏಪ್ರಿಲ್‌ನಲ್ಲಿ ಕ್ರೋನೋ ಕ್ರಾಸ್ ಬಂತು. ಅದೇ ನವೆಂಬರ್‌ನಲ್ಲಿ ಟ್ಯಾಕ್ಟಿಕ್ಸ್ ಓಗರ್ ಬಂತು. ನಾಲ್ಕು ವರ್ಷ ಕಾದ ಮೇಲೆ, 2025ರ ಸೆಪ್ಟೆಂಬರ್ 30ಕ್ಕೆ, ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ ಕೂಡ ಬಂತು. ಒಂಬತ್ತನೆಯದಕ್ಕೆ 2025ರಲ್ಲಿ ಇಪ್ಪತ್ತೈದು ವರ್ಷ ತುಂಬಿತು, ಸಂಭ್ರಮಕ್ಕೊಂದು ಜಾಲತಾಣವೂ ತೆರೆಯಿತು. ಆ ವರ್ಷ ಕಳೆದರೂ ರಿಮೇಕ್‌ನ ಸುಳಿವಿಲ್ಲ.

ಇನ್ನೊಂದು ನ್ಯಾಯಾಲಯದಿಂದ ಬಂದದ್ದು. ಆ್ಯಕ್ಟಿವಿಷನ್ ಎಂಬ ಗೇಮ್ ಕಂಪನಿಯ ಖರೀದಿಯ ವಿಚಾರದಲ್ಲಿ ಅಮೆರಿಕದ ವ್ಯಾಪಾರ ಆಯೋಗ ಮೈಕ್ರೋಸಾಫ್ಟ್ ಮೇಲೆ ಹೂಡಿದ ದಾವೆಯ ಕಾಗದಗಳು 2023ರಲ್ಲಿ ಸೋರಿದವು. ಅದರಲ್ಲಿ 2006ರ ಆರ್‌ಪಿಜಿ ಆಬ್ಲಿವಿಯನ್‌ನ ರಿಮಾಸ್ಟರ್ ಎಂದು ಬರೆದಿತ್ತು, ಅದೂ 2022ರ ಆರ್ಥಿಕ ವರ್ಷಕ್ಕೇ ಎಂದು. ಆಟ ಬಂದದ್ದು 2025ರ ಏಪ್ರಿಲ್ 22ಕ್ಕೆ, ಬೆಳಿಗ್ಗೆ ಪ್ರಕಟಣೆ, ಆಗಲೇ ಮಾರಾಟ. ಅಂದರೆ ಸೋರಿದ ಕಾಗದ ಉದ್ದೇಶದ ವಿಷಯದಲ್ಲಿ ಸುಳ್ಳು ಹೇಳಲಿಲ್ಲ, ತಾರೀಖಿನ ವಿಷಯದಲ್ಲಿ ಮಾತ್ರ ಹೇಳಿತು. ಬೆಂಗಳೂರಿನಲ್ಲಿ ಮೆಟ್ರೋ ಕಾಮಗಾರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೋರಿಕೆಗಳಲ್ಲೂ ಜಾತಿಗಳಿವೆ. ಟ್ರೇಡ್‌ಮಾರ್ಕ್ ನವೀಕರಿಸಿದರು ಎಂಬ ಸುದ್ದಿ ಬಂದರೆ ಕೆಲವರು ಪಟಾಕಿ ಹಚ್ಚುತ್ತಾರೆ. ನನಗೆ ಅದು ಖಾಲಿ ಸೈಟಿಗೆ ಕಂದಾಯ ಕಟ್ಟಿದ ಸುದ್ದಿ ಅಷ್ಟೆ. ಸೈಟು ಕೈತಪ್ಪದಿರಲಿ ಎಂದು ಕಟ್ಟುತ್ತಾರೆ, ಮನೆ ಕಟ್ಟುತ್ತೇವೆ ಎಂದಲ್ಲ. ಆಟ ಯಾವ ವಯಸ್ಸಿನವರಿಗೆ ಎಂದು ನಿರ್ಧರಿಸುವ ದಕ್ಷಿಣ ಕೊರಿಯಾದ ರೇಟಿಂಗ್ ಸಮಿತಿಯ ಪಟ್ಟಿಯಲ್ಲೋ ಅಮೆರಿಕದ ಇಎಸ್‌ಆರ್‌ಬಿಯ ಪಟ್ಟಿಯಲ್ಲೋ ಹೆಸರು ಕಂಡರೆ ಅದು ಬೇರೆ ಮಾತು. ಆಟ ಬಹುಮಟ್ಟಿಗೆ ಮುಗಿದ ಮೇಲೆಯೇ ಅಲ್ಲಿಗೆ ಹೋಗುವುದು. ಅದು ಗೃಹಪ್ರವೇಶದ ಪತ್ರಿಕೆ ಅಚ್ಚಾದ ಹಾಗೆ. ಇನ್ನು 'ನನ್ನ ಕಸಿನ್ ಅಲ್ಲೇ ಕೆಲಸ ಮಾಡೋದು' ಎಂಬ ಜಾತಿ. ಈ ಊರಿನಲ್ಲಿ ಯಾರ ಕಸಿನ್ ಎಲ್ಲಿ ಕೆಲಸ ಮಾಡುತ್ತಿಲ್ಲ ಹೇಳಿ.

ಸುದ್ದಿಯಲ್ಲಿ ರಿಮಾಸ್ಟರ್, ರಿಮೇಕ್, ಪೋರ್ಟ್ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ನಮ್ಮ ಸಿನಿಮಾದಿಂದಲೇ ಇದನ್ನು ಬಿಡಿಸಬಹುದು. 1977ರ 'ಘಟಶ್ರಾದ್ಧ'ವನ್ನು ದುರಸ್ತಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಲ್ಲಿ ಗುರಿ ಅಂದು ಇದ್ದದ್ದನ್ನು ಇದ್ದ ಹಾಗೆ ಕಾಣಿಸುವುದು. 1971ರ 'ಕಸ್ತೂರಿ ನಿವಾಸ'ಕ್ಕೆ ಬಣ್ಣ ತುಂಬಿ 2014ರಲ್ಲಿ ಮತ್ತೆ ಬಿಡುಗಡೆ ಮಾಡಿದರು. ನಟನೆ ಅದೇ, ಹಾಡು ಅದೇ, ಮೇಲೆ ಹೊಸ ಬಣ್ಣ. ರಿಮಾಸ್ಟರ್ ಎಂಬುದು ಬಹುತೇಕ ಈ ಎರಡನೆಯ ಕೆಲಸ. ರಿಮೇಕ್ ಎಂದರೆ ಹೊಸ ನಟರನ್ನು ಹಾಕಿ ಮತ್ತೆ ಚಿತ್ರೀಕರಿಸಿದಂತೆ. ಪೋರ್ಟ್ ಎಂದರೆ ಹಳೆಯ ರೀಲನ್ನೇ ಹೊಸ ಪ್ರೊಜೆಕ್ಟರ್‌ಗೆ ಒಗ್ಗಿಸಿದಂತೆ. ಆಬ್ಲಿವಿಯನ್ ಮಾತ್ರ ಇವುಗಳ ನಡುವೆ ನಿಂತ ವಿಚಿತ್ರ: ಒಳಗೆ 2006ರ ಹಳೆಯ ಎಂಜಿನ್, ಅಂದರೆ ಆಟವನ್ನು ಓಡಿಸುವ ತಂತ್ರಾಂಶ, ಲೆಕ್ಕ ಮಾಡುತ್ತಿರುತ್ತದೆ, ಹೊರಗೆ ಅನ್‌ರಿಯಲ್ ಎಂಜಿನ್ 5 ಬಣ್ಣ ಬಳಿಯುತ್ತಿರುತ್ತದೆ. ಹೀಗಾಗಿ ಹಳೆಯ ತಮಾಷೆಯ ದೋಷಗಳೂ ಕೆಲವು ಹೊಸ ಮನೆಗೆ ಬಾಡಿಗೆಗೆ ಬಂದವು.

ಈಗ ಬೀರುವಿನ ವಿಷಯ.

ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್ 1997ರ ಆಟ. ಮರುಬಿಡುಗಡೆಗೆಂದು ತಂಡ ಬೀರು ತೆಗೆದಾಗ ಅದರಲ್ಲಿ ಸೋರ್ಸ್ ಕೋಡ್, ಅಂದರೆ ಆಟವನ್ನು ಬರೆದ ಮೂಲ ಪ್ರೋಗ್ರಾಂ, ಇರಲಿಲ್ಲ. ಮೂಲ ಆಟದಲ್ಲೂ ದುಡಿದಿದ್ದ, ಈಗ ನಿರ್ದೇಶಕರಾದ ಕಜುತೊಯೊ ಮಾಯೆಹಿರೊ ಇದನ್ನು ಮುಚ್ಚಿಡದೆ ಹೇಳಿದ್ದಾರೆ. ಆ ಕಾಲದಲ್ಲಿ ಜಪಾನಿ ಆವೃತ್ತಿ ಮುಗಿದ ಮೇಲೆ ಅದರ ಮೇಲೆಯೇ ಇಂಗ್ಲಿಷ್ ಆವೃತ್ತಿಯನ್ನು ಬರೆದುಬಿಡುತ್ತಿದ್ದರು. ಹಳೆಯದನ್ನು ಬೇರೆ ಎತ್ತಿಡುವ ಪದ್ಧತಿಯೇ ಇರಲಿಲ್ಲ. ಹಾಗಾಗಿ ಅವರು ಬಿಡುಗಡೆಯಾದ ಆವೃತ್ತಿಗಳನ್ನೇ ಮುಂದಿಟ್ಟುಕೊಂಡು, ಆಡಿ, ಅಭಿಮಾನಿಗಳು ವರ್ಷಗಟ್ಟಲೆ ಕೂಡಿಹಾಕಿದ ಮಾಹಿತಿಯ ತಾಣಗಳನ್ನೂ ನೋಡಿ, ಆಟವನ್ನು ಮತ್ತೆ ಬರೆದರು.

ಇದನ್ನು ಓದಿದಾಗ ನನಗೆ ನೆನಪಾದದ್ದು ಕಾಲೇಜಿನ ಕನ್ನಡ ಮೇಷ್ಟ್ರು ಗ್ರಂಥ ಸಂಪಾದನೆಯ ಬಗ್ಗೆ ಮಾಡಿದ ಪಾಠ. ಕವಿಯ ಕೈಬರಹ ಉಳಿದಿಲ್ಲ. ಇರುವುದು ಬೇರೆ ಬೇರೆ ಊರಿನ ಲಿಪಿಕಾರರು ಬೇರೆ ಬೇರೆ ಶತಮಾನದಲ್ಲಿ ಮಾಡಿದ ಓಲೆಗರಿ ಪ್ರತಿಗಳು. ಒಂದರಲ್ಲಿ ಗರಿ ಮುರಿದಿದೆ, ಇನ್ನೊಂದರಲ್ಲಿ ಬರೆದವನು ತನಗೆ ತಿಳಿಯದ ಪದ ತಿದ್ದಿದ್ದಾನೆ. ಅವನ್ನೆಲ್ಲ ಎದುರುಬದುರು ಇಟ್ಟು, ಪಾಠಾಂತರ ಗುರುತು ಮಾಡಿ, ಮೂಲ ಹೀಗಿದ್ದಿರಬೇಕು ಎಂದು ಕಟ್ಟುವುದು. ಇಪ್ಪತ್ತೆಂಟು ವರ್ಷ ಹಳೆಯ ಒಂದು ಪ್ಲೇಸ್ಟೇಷನ್ ಆಟಕ್ಕೆ ಹತ್ತನೆಯ ಶತಮಾನದ ಕಾವ್ಯದ ಗತಿಯೇ ಬಂದಿದೆ. ಓಲೆಗರಿಗೆ ಗೆದ್ದಲಿನ ನೆಪವಾದರೂ ಇತ್ತು.

ಒಂದೇ ಆಟದ ಕಥೆಯಲ್ಲ ಇದು. 2002ರ ಕಿಂಗ್‌ಡಮ್ ಹಾರ್ಟ್ಸ್‌ನ ಮೂಲ ಸಾಮಗ್ರಿ ಕಳೆದುಹೋಗಿದ್ದರಿಂದ 2013ರ ಎಚ್‌ಡಿ ಆವೃತ್ತಿಗೆ ಬಹಳಷ್ಟನ್ನು ಹೊಸದಾಗಿ ಮಾಡಬೇಕಾಯಿತು. ಬಾಲ್ಡರ್ಸ್ ಗೇಟ್, ಪ್ಲೇನ್‌ಸ್ಕೇಪ್ ಟಾರ್ಮೆಂಟ್‌ಗಳನ್ನು ಒಂದೊಂದಾಗಿ ಚೊಕ್ಕ ಮಾಡಿ ತಂದ ಕೆನಡಾದ ಬೀಮ್‌ಡಾಗ್ ಕಂಪನಿ ಐಸ್‌ವಿಂಡ್ ಡೇಲ್ 2ರ ಹೊತ್ತಿಗೆ ಕೈಚೆಲ್ಲಿತು, ಕೋಡ್ ಎಲ್ಲೂ ಸಿಗಲಿಲ್ಲ. ಅಭಿಮಾನಿಗಳೇ ಮಾಡ್ ರೂಪದಲ್ಲಿ, ಅಂದರೆ ಇದ್ದ ಆಟಕ್ಕೆ ತಾವೇ ಮಾಡಿದ ಮಾರ್ಪಾಡಾಗಿ, ಅದನ್ನು ಕಟ್ಟಿಕೊಂಡರು. ಫಾಲ್‌ಔಟ್‌ನ ಕಥೆ ಇನ್ನೂ ರೋಚಕ. ಇಂಟರ್‌ಪ್ಲೇ ಕಂಪನಿ ಬಿಡುವಾಗ ತನ್ನ ಬಳಿ ಇದ್ದ ಸಾಮಗ್ರಿಯನ್ನೆಲ್ಲ ನಾಶ ಮಾಡಲು ಹೇಳಿದ್ದರು ಎಂದು ಆ ಆಟದ ಸೃಷ್ಟಿಕರ್ತ ಟಿಮ್ ಕೇನ್ 2025ರಲ್ಲಿ ಹೇಳಿದರು. ಕೆಲವೇ ದಿನಗಳಲ್ಲಿ ಅದೇ ಇಂಟರ್‌ಪ್ಲೇ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ರೆಬೆಕಾ ಹೈನ್‌ಮನ್, ಮೊದಲೆರಡು ಫಾಲ್‌ಔಟ್‌ಗಳ ಸೋರ್ಸ್ ಕೋಡ್ ತಮ್ಮಲ್ಲಿ ಭದ್ರವಾಗಿದೆ ಎಂದರು. ಸಂಸ್ಥೆ ಉಳಿಸಿದ್ದಲ್ಲ, ಒಬ್ಬ ವ್ಯಕ್ತಿಯ ಎತ್ತಿಡುವ ಚಟ ಉಳಿಸಿದ್ದು. ಆ ವರ್ಷವೇ ನವೆಂಬರ್‌ನಲ್ಲಿ ಅವರು ತೀರಿಕೊಂಡರು.

ಮೊದಲ ಕನ್ನಡ ಮಾತಿನ ಚಿತ್ರ, 1934ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಇವತ್ತು ನಮ್ಮಲ್ಲಿಲ್ಲ. ಆಗ ಸಿನಿಮಾ ಮಾಡಿದವರಿಗೆ ಮುಂದೊಂದು ದಿನ ಯಾರಾದರೂ ಇದನ್ನು ಕೇಳುತ್ತಾರೆ ಎಂಬ ಕಲ್ಪನೆಯೂ ಇದ್ದಿರಲಾರದು. 1990ರ ದಶಕದ ಆಟದ ಕಂಪನಿಗಳ ಮನಸ್ಸೂ ಹಾಗೆಯೇ ಇತ್ತು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಹಾಕಿತು: 2010ಕ್ಕೆ ಮುಂಚೆ ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇವತ್ತು ಮಾರುಕಟ್ಟೆಯಲ್ಲಿ ಇಲ್ಲವೇ ಇಲ್ಲ.

ಕೋಡ್ ಸಿಕ್ಕರೂ ಕೆಲಸ ಸುಲಭವಲ್ಲ. ಮೊದಲ ಪ್ಲೇಸ್ಟೇಷನ್‌ನ ಆರ್‌ಪಿಜಿಗಳಲ್ಲಿ ಹಿನ್ನೆಲೆಯ ಊರು, ಕಾಡು, ಅರಮನೆಗಳನ್ನು ದೊಡ್ಡ ಯಂತ್ರಗಳಲ್ಲಿ ಚಿತ್ರಿಸಿ, 320ಕ್ಕೆ 240ರಷ್ಟು ಚಿಕ್ಕದಾಗಿ ಕುಗ್ಗಿಸಿ ಡಿಸ್ಕ್‌ಗೆ ಹಾಕುತ್ತಿದ್ದರು. ದೊಡ್ಡ ಮೂಲಚಿತ್ರ ಕಳೆದಿದ್ದರೆ, ಅಂಚೆಚೀಟಿಯಿಂದ ಭಿತ್ತಿಚಿತ್ರ ಮಾಡಿದ ಹಾಗೆ ಹಿಗ್ಗಿಸಬೇಕು. ಈಗ ಅದಕ್ಕೆ ಎಐ ಇದೆ. ಅದು ಇಟ್ಟಿಗೆ ಗೋಡೆಯನ್ನು ಕೆಲವೊಮ್ಮೆ ಅವಲಕ್ಕಿ ಹರಡಿದಂತೆ ಮಾಡುತ್ತದೆ. ಚೌಕ ಪರದೆಯ ಆಟವನ್ನು ಅಗಲ ಮಾಡಿದರೆ ಇನ್ನೊಂದು ಫಜೀತಿ. ಅಂಚಿನಾಚೆ ತನ್ನ ಸರದಿಗೆ ಕಾಯುತ್ತಿದ್ದ ಪಾತ್ರ ಕಣ್ಣಿಗೆ ಬೀಳುತ್ತದೆ, ಕಂಪನಿ ನಾಟಕದಲ್ಲಿ ಸೈಡ್ ವಿಂಗ್ ಸರಿದಾಗ ಬೀಡಿ ಸೇದುತ್ತ ನಿಂತ ರಾವಣ ಕಂಡ ಹಾಗೆ. ಆಟದ ವೇಗವನ್ನೇ ಸೆಕೆಂಡಿಗೆ ಇಷ್ಟು ಚೌಕಟ್ಟು (ಫ್ರೇಮ್) ಎಂಬ ಲೆಕ್ಕಕ್ಕೆ ಕಟ್ಟಿಹಾಕಿದ್ದರೆ, ಹೊಸ ಯಂತ್ರದಲ್ಲಿ ಎಲ್ಲರೂ ಎರಡು ಪಟ್ಟು ಓಡುತ್ತಾರೆ.

ಬೀರುವಿನ ಬೀಗದ ಕೈಯ ವಿಷಯಕ್ಕೆ ಸಿಸ್ಟಮ್ ಶಾಕ್ 2 ಸಾಕು. 1999ರ ಈ ಆಟವನ್ನು ಮಾಡಿದ ಲುಕಿಂಗ್ ಗ್ಲಾಸ್ ಸ್ಟುಡಿಯೋ ಮರುವರ್ಷವೇ ಮುಚ್ಚಿತು. 2012ರಲ್ಲಿ ಸ್ಟೀಫನ್ ಕಿಕ್ ಎಂಬ ಕಲಾವಿದ ಕೆಲಸ ಬಿಟ್ಟು ಗ್ವಾಟೆಮಾಲಾ ಸುತ್ತುತ್ತಿದ್ದಾಗ ಈ ಆಟ ಆಡಬೇಕೆನಿಸಿತು. ಬ್ಯಾಗಿನಲ್ಲಿದ್ದ ಪ್ರತಿ ಓಡಲಿಲ್ಲ, ಕೊಳ್ಳೋಣವೆಂದರೆ ಎಲ್ಲೂ ಮಾರಾಟಕ್ಕಿಲ್ಲ. ಹಕ್ಕು ಯಾರದು ಎಂದು ಹುಡುಕುತ್ತ ಹೋದರೆ ಅದು ಅಮೆರಿಕದ ಒಂದು ವಿಮಾ ಕಂಪನಿಯ ಕೈಯಲ್ಲಿತ್ತು. ದಿವಾಳಿಯಾದ ಸ್ಟುಡಿಯೋದ ಮೇಜು-ಕುರ್ಚಿಯ ಜೊತೆ ಆಟವೂ ಅಲ್ಲಿಗೆ ಹೋಗಿ ಬಿದ್ದಿತ್ತು. ಕಿಕ್ ಆ ವಿಮಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು ನೈಟ್‌ಡೈವ್ ಎಂಬ ಕಂಪನಿ ಕಟ್ಟಿದರು. 2013ರ ಫೆಬ್ರುವರಿಯಲ್ಲಿ ಆಟ ಮತ್ತೆ ಮಾರಾಟಕ್ಕೆ ಬಂತು, ಪೂರ್ಣ ಪ್ರಮಾಣದ ರಿಮಾಸ್ಟರ್ ಬಂದದ್ದು 2025ರ ಜೂನ್‌ನಲ್ಲಿ. ಅಜ್ಜನ ಹೆಸರಿನಲ್ಲೇ ಉಳಿದ ಜಮೀನಿನ ಪಹಣಿಗೆ ತಾಲ್ಲೂಕು ಕಚೇರಿ ಅಲೆದವರಿಗೆ ಈ ಹನ್ನೆರಡು ವರ್ಷ ಹೆಚ್ಚೆನಿಸಲಾರದು.

ಕೋಡ್ ಇದೆ, ಹಕ್ಕೂ ಇದೆ, ಆದರೂ ಬರದ ಆಟಗಳಿವೆ. ಅಲ್ಲಿ ತೊಡಕು ಲೆಕ್ಕದ್ದು. ಕ್ಸೆನೋಸಾಗಾ ಮೂರು ಭಾಗಗಳ ಎಚ್‌ಡಿ ರಿಮಾಸ್ಟರ್ ಯೋಜನೆ ತಕ್ಕಮಟ್ಟಿಗೆ ಮುಂದುವರಿದು, ಲಾಭದ ಅಂದಾಜಿನಲ್ಲಿ ಸೋತು ನಿಂತಿತು ಎಂದು ಬಂದೈ ನಾಮ್ಕೋದಲ್ಲಿದ್ದ ಕತ್ಸುಹಿರೊ ಹರಾಡಾ ಬಹಿರಂಗವಾಗಿಯೇ ಹೇಳಿದ್ದರು. ಇಂಥ ನೇರ ಉತ್ತರ ಈ ಉದ್ಯಮದಲ್ಲಿ ಅಪರೂಪ. ಆಮೇಲೂ ವರ್ಷಕ್ಕೊಮ್ಮೆ 'ಕ್ಸೆನೋಸಾಗಾ ಬರ್ತಿದೆಯಂತೆ' ನಿಂತಿಲ್ಲ ಎನ್ನುವುದು ಬೇರೆ.

ಪ್ರಕಟಣೆಯಾದದ್ದಕ್ಕೂ ಖಾತರಿ ಇಲ್ಲ. 2022ರಲ್ಲಿ ಘೋಷಿಸಿದ ಸುಯ್ಕೊಡೆನ್ 1 ಮತ್ತು 2ರ ರಿಮಾಸ್ಟರ್ ಮರುವರ್ಷ ಬರಬೇಕಿದ್ದದ್ದು 2025ರ ಮಾರ್ಚ್‌ಗೆ ಬಂತು. ಆ ಲೋಕವನ್ನು ಕಟ್ಟಿದ ಯೊಶಿತಕಾ ಮುರಯಾಮಾ ಅದಕ್ಕೆ ಒಂದು ವರ್ಷ ಮೊದಲು, 2024ರ ಫೆಬ್ರುವರಿಯಲ್ಲಿ, ತೀರಿಹೋಗಿದ್ದರು. ಸ್ಟಾರ್ ವಾರ್ಸ್ ಲೋಕದ ಕೊಟೋರ್ ಆಟದ ರಿಮೇಕ್ 2021ರಲ್ಲಿ ಟ್ರೇಲರ್ ಸಮೇತ ಪ್ರಕಟವಾಗಿ ಒಂದು ಸ್ಟುಡಿಯೋದಿಂದ ಇನ್ನೊಂದಕ್ಕೆ ಕೈಬದಲಾಯಿತು. ಅದರ ಎರಡನೆಯ ಭಾಗದ, ನಿಂಟೆಂಡೊ ಸ್ವಿಚ್ ಯಂತ್ರದ ಆವೃತ್ತಿಗೆ ಕತ್ತರಿಸಿದ ದೃಶ್ಯಗಳನ್ನು ಸೇರಿಸುತ್ತೇವೆಂದು ಮಾತು ಕೊಟ್ಟು, ಮಾರಾಟವನ್ನೂ ಮಾಡಿ, 2023ರಲ್ಲಿ ಕೈಬಿಟ್ಟರು.

ಇದರಲ್ಲಿ ಬೆಂಗಳೂರಿನ ಪಾಲೇನು? ಆಟ ಆಡಿದ್ದಂತೂ ಹೌದು. 2003ರ ಬೇಸಿಗೆ ರಜೆಯಲ್ಲಿ ಮೆಜೆಸ್ಟಿಕ್ ಸುತ್ತಿನ ಒಂದು ಅಂಗಡಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ತಂದ ಲೆಜೆಂಡ್ ಆಫ್ ಡ್ರಗೂನ್‌ನ ನಾಲ್ಕು ಡಿಸ್ಕ್‌ಗಳಲ್ಲಿ ನನ್ನದು ಮೂರನೆಯದರ ಮಧ್ಯೆ ನಿಂತಿತು. ನಿಂತದ್ದು ನಿಂತೇ ಬಿಟ್ಟಿತು. ಕಳ್ಳಪ್ರತಿ ಎಂದು ಈಗ ಮುಖ ಕೆಂಪಾಗುತ್ತದೆ. ಆಗ ಆ ಜಾತಿಯ ಆಟಗಳ ಅಸಲಿ ಪ್ರತಿ ಈ ಊರಿನಲ್ಲಿ ನಮ್ಮ ಕೈಗೆ ಎಟುಕುತ್ತಲೇ ಇರಲಿಲ್ಲ.

ಮಾಡುವ ಕಡೆಯಿಂದಲೂ ಈ ಊರಿಗೆ ಪಾಲಿದೆ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಧ್ರುವ ಇಂಟರಾಕ್ಟಿವ್ ಕಟ್ಟಿದಾಗಿನಿಂದ ಪರದೇಶದ ಆಟಗಳಿಗೆ ಮರ, ಕಾರು, ಕುರ್ಚಿ, ಕಟ್ಟಡ ಬಿಡಿಸಿ ಕಳಿಸುವುದು ಬೆಂಗಳೂರಿನ ಕಸುಬು. ಧ್ರುವವನ್ನು 2019ರಲ್ಲಿ ರಾಕ್‌ಸ್ಟಾರ್ ಕಂಪನಿ 79 ಲಕ್ಷ ಡಾಲರಿಗೆ ಕೊಂಡು ಇಲ್ಲಿಯ ತನ್ನ ಸ್ಟುಡಿಯೋಗೆ ಸೇರಿಸಿಕೊಂಡಿತು. ರಿಮಾಸ್ಟರ್ ಬೇಡುವುದು ಬಹುಮಟ್ಟಿಗೆ ಇದೇ ಕಸುಬನ್ನು: ಇರುವ ಪೀಪಾಯಿಯನ್ನು ನೋಡಿಕೊಂಡು ಅದೇ ಪೀಪಾಯಿಯನ್ನು ಹತ್ತು ಪಟ್ಟು ನಯವಾಗಿ ಮಾಡು. ಆದರೆ ಅಂತೆ ಹುಟ್ಟುವುದು ಇಲ್ಲಿಂದಲ್ಲ. ಕಲಾವಿದರು ಬಾಯಿ ಮುಚ್ಚಿಕೊಂಡಿರುವ ಕರಾರಿಗೆ ಸಹಿ ಹಾಕಿರುತ್ತಾರೆ. ಎಷ್ಟೋ ಸಲ ಅವರಿಗೆ ಸಿಗುವುದು ಗುಪ್ತನಾಮವೊಂದೇ. ಪೀಪಾಯಿ ಯಾವ ಆಟದ್ದು ಎಂದು ಟ್ರೇಲರ್ ಬಂದ ದಿನ ತಿಳಿಯುವುದೂ ಉಂಟು.

ಬೈಗುಳ ಮಾತ್ರ ಬೇಗ ತಲುಪುತ್ತದೆ. ಪ್ರಿನ್ಸ್ ಆಫ್ ಪರ್ಷಿಯಾ ಆರ್‌ಪಿಜಿ ಅಲ್ಲ, ಆದರೂ ನಮ್ಮಲ್ಲಿ ಈ ಮಾತೆತ್ತಿದರೆ ಅದು ಬಂದೇ ಬರುತ್ತದೆ. 'ಸ್ಯಾಂಡ್ಸ್ ಆಫ್ ಟೈಮ್' ರಿಮೇಕ್ ಅನ್ನು ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬೈ ಸ್ಟುಡಿಯೋಗಳು ಮಾಡುತ್ತಿವೆ ಎಂದು 2020ರಲ್ಲಿ ಪ್ರಕಟವಾಯಿತು. ಟ್ರೇಲರ್ ಮಂಕಾಗಿತ್ತು, ನಿಜ. ಆದರೆ ಟೀಕೆ ಟ್ರೇಲರ್‌ನಲ್ಲಿ ನಿಲ್ಲದೆ 'ಇಂಡಿಯಾದವರು ಮಾಡಿದರೆ ಹೀಗೇ' ಎಂಬಲ್ಲಿಗೆ ಇಳಿಯಿತು. 2022ರಲ್ಲಿ ಕೆಲಸ ಮಾಂಟ್ರಿಯಲ್‌ಗೆ ಹೋಯಿತು. ಅಲ್ಲಿಯೂ ಮುಗಿಯದೆ 2026ರ ಜನವರಿಯಲ್ಲಿ ರದ್ದಾಯಿತು. ಆಗ 'ಕೆನಡಾದವರು ಮಾಡಿದರೆ ಹೀಗೇ' ಎಂದು ಯಾರೂ ಅಂದದ್ದು ನನ್ನ ಕಿವಿಗೆ ಬೀಳಲಿಲ್ಲ.

ಕನ್ನಡದಲ್ಲಿ ಇಂಥದ್ದೊಂದು ಆಟ ಆಡುವ ಆಸೆಯನ್ನೂ ಹೇಳಿಬಿಡುತ್ತೇನೆ. 1994ರ ಲೈವ್ ಎ ಲೈವ್ ಇಪ್ಪತ್ತೆಂಟು ವರ್ಷ ಜಪಾನಿನ ಹೊರಗೆ ಅಧಿಕೃತವಾಗಿ ಕಾಲಿಡಲೇ ಇಲ್ಲ. 2022ರ ರಿಮೇಕ್‌ನಲ್ಲಿ ಇಂಗ್ಲಿಷ್ ಕಲಿಯಿತು. ಹಳೆಯ ಆಟಗಳಲ್ಲಿ ಅಕ್ಷರಗಳಿಗೆ ಸಮ ಅಳತೆಯ ಚೌಕಗಳಿರುತ್ತಿದ್ದವು. ಒಂದು ಚೌಕಕ್ಕೆ ಒಂದು ಅಕ್ಷರ. 'ರಾಷ್ಟ್ರ' ಎಂದು ಬರೆಯಲು ಹೋದರೆ ಒತ್ತು ಎಲ್ಲಿ ಕೂರಬೇಕು? ಈಗಿನ ಎಂಜಿನ್‌ಗಳಲ್ಲೂ ಒತ್ತಕ್ಷರ ಸರಿಯಾಗಿ ಕೂರಿಸಲು ಹೆಣಗಬೇಕು, ಆದರೆ ಸಾಧ್ಯವಿದೆ. ಲೆಕ್ಕದ ಮನುಷ್ಯ ಒಪ್ಪುವನೇ ಎಂಬುದಕ್ಕೆ ಕ್ಸೆನೋಸಾಗಾದ ಉತ್ತರವನ್ನೇ ನೋಡಿಕೊಳ್ಳಬೇಕು.

ನನ್ನ ಮಟ್ಟಿಗೆ ಬಣ್ಣ ಬಳಿಯದೆ ಆಡುವಂತೆ ಮಾಡಿಕೊಟ್ಟರೂ ಸಾಕು. 2025ರ ಏಪ್ರಿಲ್‌ನಲ್ಲಿ ಬ್ರೆತ್ ಆಫ್ ಫೈರ್ 4 ಸದ್ದಿಲ್ಲದೆ ಗಾಗ್ ಎಂಬ ಆನ್‌ಲೈನ್ ಆಟದಂಗಡಿಗೆ ಬಂತು. ಹಳೆಯ ಪಿಸಿ ಆವೃತ್ತಿಯೇ, ಈಗಿನ ವಿಂಡೋಸ್‌ನಲ್ಲಿ ಓಡುತ್ತದೆ, ಅಷ್ಟೆ. ಅದಕ್ಕೆ ಮುಂಚೆ ಯಾರೂ ಅಂತೆ ಎಂದಿರಲಿಲ್ಲ.

ಇನ್ನು ಲೆಜೆಂಡ್ ಆಫ್ ಡ್ರಗೂನ್. ಅದರ ಬೀರು ಸೋನಿಯ ಮನೆಯಲ್ಲಿಯೇ ಇದೆ. ಆಟ ಅವರದೇ, ಪಾಲುದಾರರಿಲ್ಲ, ವಿಮಾ ಕಂಪನಿಯಿಲ್ಲ. ಮುಂದಿನ ಭಾಗದ ಕೆಲಸ ಶುರುವಾಗಿ ಹಿಂದೆಯೇ ನಿಂತಿತು ಎಂದು ಆಗ ಸೋನಿಯಲ್ಲಿದ್ದ ಶುಹೆಯ್ ಯೊಶಿದಾ ಒಮ್ಮೆ ಹೇಳಿದ್ದರು. 2023ರ ಫೆಬ್ರುವರಿಯಲ್ಲಿ ಮೂಲ ಆಟವನ್ನೇ ಪ್ಲೇಸ್ಟೇಷನ್ ಚಂದಾದಾರರಿಗೆ ಕೊಟ್ಟರು. ಅತ್ತ ಅಭಿಮಾನಿಗಳು ಅದನ್ನು ಪಿಸಿಯಲ್ಲಿ ಓಡಿಸಲು ತಮ್ಮದೇ ಎಂಜಿನ್ ಕಟ್ಟಿಕೊಂಡಿದ್ದಾರೆ. ರೇಟಿಂಗ್ ಸಮಿತಿಯಲ್ಲಿ ಹೆಸರಿಲ್ಲ, ಸೋರಿದ ಪಟ್ಟಿ ಇಲ್ಲ.

ಗೆಳೆಯನಿಗೆ ಬರೆದೆ: 'ಯಾರು ಹೇಳಿದ್ದು?' ಎರಡು ನೀಲಿ ಗೀಟು ಬಿದ್ದವು, ಆಮೇಲೆ ಸದ್ದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಉತ್ತರ ಬಂದಿತ್ತು: 'ಯಾರೋ ಹೇಳಿದ್ರಂತೆ.'